ತಜ್ಞರು ಹೇಳಿದ್ದಾರೆ, ಸರಿ. ಯಾವ ತಜ್ಞರು?

ಜಗತ್ತಿನ ಯಾವುದೋ ಮೂಲೆಯಲ್ಲಿ ಯುದ್ಧ ಆರಂಭವಾದರೆ ಸಾಕು, ನಮ್ಮ ಟಿವಿ ವಾಹಿನಿಗಳಲ್ಲಿ ರಾತ್ರೋರಾತ್ರಿ ತಜ್ಞರು ಹುಟ್ಟಿಕೊಳ್ಳುತ್ತಾರೆ. ಒಬ್ಬರು ನಿವೃತ್ತ ಸೇನಾಧಿಕಾರಿ, ಇನ್ನೊಬ್ಬರು ಮಾಜಿ ರಾಯಭಾರಿ, ಮತ್ತೊಬ್ಬರು ಪ್ರಾಧ್ಯಾಪಕರು, ಜೊತೆಗೆ ಯಾವ ವಿಷಯ ಕೊಟ್ಟರೂ ಮಾತನಾಡಬಲ್ಲ ಒಬ್ಬ ಪತ್ರಕರ್ತ. ಒಬ್ಬರು ಯುದ್ಧ ವಾರದೊಳಗೆ ಮುಗಿಯುತ್ತದೆ ಎನ್ನುತ್ತಾರೆ. ಇನ್ನೊಬ್ಬರು ವರ್ಷಗಟ್ಟಲೆ ಎಳೆಯುತ್ತದೆ ಎನ್ನುತ್ತಾರೆ. ಒಬ್ಬರಿಗೆ ಅದು ನ್ಯಾಯದ ಯುದ್ಧ, ಇನ್ನೊಬ್ಬರಿಗೆ ತೈಲದ ಯುದ್ಧ. ಕಡೆಗೆ ನೋಡುಗನು ತನಗೆ ಮೊದಲೇ ಹಿಡಿಸಿದ್ದ ಮಾತನ್ನು ಆರಿಸಿಕೊಳ್ಳುತ್ತಾನೆ. ಮರುದಿನ ಚಹಾದ ಅಂಗಡಿಯಲ್ಲಿ, 'ನಾನು ಹೇಳುತ್ತಿರುವುದಲ್ಲ, ತಜ್ಞರೇ ಹೇಳಿದ್ದಾರೆ' ಎಂದು ವಾದಕ್ಕೆ ಇಳಿಯುತ್ತಾನೆ.

ದೂರದ ಯುದ್ಧ ತಾನೇ, ಯಾರು ಏನು ಹೇಳಿದರೆ ನಮಗೇನು ಎಂದು ಕೈ ತೊಳೆದುಕೊಳ್ಳುವ ಹಾಗೂ ಇಲ್ಲ. 1990ರಲ್ಲಿ ಸದ್ದಾಮ್ ಹುಸೇನ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನಗಳಲ್ಲಿ ಸ್ವದೇಶಕ್ಕೆ ಕರೆತರಬೇಕಾಯಿತು. ಅವರಲ್ಲಿ ನಮ್ಮ ಕರಾವಳಿಯವರೂ ಇದ್ದರು. 2014ರಲ್ಲಿ ಮೋಸುಲ್‌ನಲ್ಲಿ ಅಪಹರಣಕ್ಕೊಳಗಾದ 39 ಭಾರತೀಯ ಕಾರ್ಮಿಕರು ಜೀವಂತ ಇಲ್ಲ ಎಂಬುದು ಅವರ ಮನೆಯವರಿಗೆ ಖಚಿತವಾದದ್ದು 2018ರಲ್ಲಿ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಗ, ಅಳಿಯ, ಸಹೋದರ ಇರುವ ಮನೆಗಳಿಗೆ ಅಲ್ಲಿಯ ಯುದ್ಧವೆಂದರೆ ಪತ್ರಿಕೆಯ ವಿದೇಶ ಪುಟದ ಸುದ್ದಿಯಲ್ಲ. ಅಂಥ ಯುದ್ಧದ ಬಗ್ಗೆ ತಜ್ಞನೊಬ್ಬ ಆಡುವ ಮಾತಿಗೆ ಆ ಮನೆಯಲ್ಲಿ ತೂಕವಿದೆ. ಆದ್ದರಿಂದಲೇ ಆ ಮಾತನ್ನು ತೂಗಿ ನೋಡುವುದನ್ನೂ ನಾವು ಕಲಿಯಬೇಕಾಗಿದೆ.

ತಜ್ಞರೇ ಒಬ್ಬೊಬ್ಬರು ಒಂದೊಂದು ಹೇಳುವಾಗ ಸಾಮಾನ್ಯರು ಯಾರನ್ನು ನಂಬಬೇಕು? ಈ ಪ್ರಶ್ನೆಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಮೊದಲನೆಯದು, 'ತಜ್ಞರೆಲ್ಲ ಮಾರಾಟವಾದವರು, ಯಾರನ್ನೂ ನಂಬಬೇಡಿ.' ಎರಡನೆಯದು, 'ನಮ್ಮ ಕಡೆಯ ತಜ್ಞರನ್ನು ನಂಬಿ, ಅವರ ಕಡೆಯವರನ್ನು ಬಿಡಿ.' ಮೊದಲನೆಯದು ಬುದ್ಧಿವಂತಿಕೆಯಂತೆ ಕಾಣುತ್ತದೆ, ಎರಡನೆಯದು ನಿಷ್ಠೆಯಂತೆ ಕಾಣುತ್ತದೆ. ನಮ್ಮ ಅಭಿಪ್ರಾಯದಲ್ಲಿ ಎರಡೂ ಸೋಮಾರಿತನ. ಎರಡರಲ್ಲಿಯೂ ಯೋಚಿಸುವ ಶ್ರಮ ತಪ್ಪುತ್ತದೆ, ಮತ್ತು ಎರಡೂ ಕೊನೆಯಲ್ಲಿ ಯುದ್ಧ ಮಾಡುವವರಿಗೇ ಅನುಕೂಲ ಮಾಡಿಕೊಡುತ್ತವೆ.

ಇದನ್ನು ಹೇಳಲು ಇಂದಿನ ಯುದ್ಧವೊಂದನ್ನು ಎತ್ತಿಕೊಂಡರೆ ಚರ್ಚೆ ಜಗಳವಾಗುತ್ತದೆ. ಅದಕ್ಕಾಗಿ ನಾವು 2003ರ ಇರಾಕ್ ಯುದ್ಧವನ್ನು ಆರಿಸಿಕೊಂಡಿದ್ದೇವೆ. ಆ ಯುದ್ಧದಲ್ಲಿ ತಜ್ಞರು ಏನು ಹೇಳಿದರು, ಆಮೇಲೆ ಏನಾಯಿತು ಎಂಬ ಎರಡೂ ದಾಖಲೆಗಳು ನಮ್ಮ ಮುಂದಿವೆ. ಪರೀಕ್ಷೆ ಮುಗಿದು ಉತ್ತರ ಪತ್ರಿಕೆ ತಿದ್ದಿಯಾಗಿದೆ. ಯಾರು ಯಾವ ಪ್ರಶ್ನೆಯಲ್ಲಿ ಪಾಸಾದರು, ಯಾಕೆ ಪಾಸಾದರು ಎಂದು ನೋಡುವುದಷ್ಟೇ ಬಾಕಿ.

ಮೊದಲು ಕೊಳವೆಗಳ ಕಥೆ. ಇರಾಕ್‌ಗೆ ಹೋಗುತ್ತಿದ್ದ ಅಲ್ಯೂಮಿನಿಯಂ ಕೊಳವೆಗಳನ್ನು 2001ರಲ್ಲಿ ಹಿಡಿಯಲಾಯಿತು. ಅವು ಯುರೇನಿಯಂ ಶುದ್ಧೀಕರಿಸುವ ಯಂತ್ರಕ್ಕೆ, ಅಂದರೆ ಅಣುಬಾಂಬಿಗೆ ಎಂದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ವಾದಿಸಿತು. ಆ ಕೆಲಸವನ್ನೇ ಕಸುಬಾಗಿ ಮಾಡಿಕೊಂಡಿದ್ದ, ಅಮೆರಿಕದ್ದೇ ಇಂಧನ ಇಲಾಖೆಯ ವಿಜ್ಞಾನಿಗಳು ಒಪ್ಪಲಿಲ್ಲ. ಈ ಅಳತೆಯ ಕೊಳವೆ ಆ ಯಂತ್ರಕ್ಕೆ ಹೊಂದುವುದಿಲ್ಲ, ಇವು ಸಾಮಾನ್ಯ ರಾಕೆಟ್‌ಗಳಿಗೆ ಬೇಕಾದವು ಎಂದರು. ವಿದೇಶಾಂಗ ಇಲಾಖೆಯ ಗುಪ್ತಚರ ವಿಭಾಗವೂ ಅವರ ಪಕ್ಷ ವಹಿಸಿತು. ಅಂದರೆ ಅಮೆರಿಕದ ಸರಕಾರದೊಳಗೆಯೇ ತಜ್ಞರಲ್ಲಿ ಭಿನ್ನಾಭಿಪ್ರಾಯವಿತ್ತು. 2002ರ ಅಕ್ಟೋಬರಿನ ರಹಸ್ಯ ವರದಿಯಲ್ಲಿ ಅದು ದಾಖಲಾಗಿಯೂ ಇತ್ತು. ಆದರೆ ಸಾರ್ವಜನಿಕರ ಕೈಗೆ ಕೊಟ್ಟ ಪ್ರತಿಯಲ್ಲಿ, 'ಕೆಲವರು ಬೇರೆ ರೀತಿ ಯೋಚಿಸುತ್ತಾರೆ' ಎಂಬಷ್ಟೇ ಉಳಿಯಿತು. ಆ 'ಕೆಲವರು' ದೇಶದ ಪರಮಾಣು ವಿಜ್ಞಾನಿಗಳೇ ಎಂಬುದು ಅದರಲ್ಲಿ ಇರಲಿಲ್ಲ. ಅದೇ ತಿಂಗಳು ಅಮೆರಿಕದ ಸೆನೆಟ್ 77–23 ಮತಗಳಿಂದ ಯುದ್ಧಕ್ಕೆ ಅಧಿಕಾರ ಕೊಟ್ಟಿತು.

ಇಲ್ಲಿ ನಾವು ಕಲಿಯಬೇಕಾದ ಪಾಠ 'ತಜ್ಞರು ಸುಳ್ಳು ಹೇಳಿದರು' ಎಂಬುದಲ್ಲ. ಸರಿಯಾದ ತಜ್ಞರು ಸರಿಯಾದದ್ದನ್ನೇ ಹೇಳಿದ್ದರು. ಅವರ ಮಾತನ್ನು 'ಕೆಲವರು' ಎಂಬ ಒಂದೇ ಪದದಲ್ಲಿ ಹೂಳಲಾಯಿತು. ಆದ್ದರಿಂದ ತಜ್ಞರೊಬ್ಬರ ಹೆಸರು ಕೇಳಿದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ, ಇವರು ಯಾವುದರಲ್ಲಿ ತಜ್ಞರು ಎಂಬುದು. ಕೊಳವೆಯ ವಿಷಯದಲ್ಲಿ ಕೊಳವೆ ಬಲ್ಲವನ ಮಾತಿಗೆ ಮಂತ್ರಿಯ ಮಾತಿಗಿಂತ ಹೆಚ್ಚು ಬೆಲೆ. ಹೃದಯದ ವೈದ್ಯರು ಎಷ್ಟೇ ದೊಡ್ಡವರಾದರೂ ಹಲ್ಲು ನೋವಿಗೆ ನಾವು ಅವರ ಬಳಿ ಹೋಗುವುದಿಲ್ಲ. ಯುದ್ಧದ ವಿಷಯದಲ್ಲಿ ಮಾತ್ರ ಯಾರು ಎಲ್ಲಿಗೆ ಬೇಕಾದರೂ ತಜ್ಞರಾಗಿ ಬಿಡುತ್ತಾರೆ.

ಈ ಮಾತು ಒಳ್ಳೆಯವರಿಗೂ ಅನ್ವಯಿಸುತ್ತದೆ. ಕನಾನ್ ಮಕಿಯಾ ಎಂಬ ಇರಾಕಿ ಲೇಖಕರು ಸದ್ದಾಮ್‌ನ ಆಡಳಿತದ ಕ್ರೌರ್ಯವನ್ನು ಜಗತ್ತು ಕಣ್ಣು ಮುಚ್ಚಿ ಕುಳಿತಿದ್ದ ಕಾಲದಲ್ಲಿಯೇ ಪುಸ್ತಕ ಬರೆದು ಬಯಲಿಗೆಳೆದವರು. ಅವರು ಹೇಳಿದ ಕ್ರೌರ್ಯ ನಿಜವಾಗಿತ್ತು. ಅದೇ ಮಕಿಯಾ 2003ರ ಜನವರಿಯಲ್ಲಿ ಅಧ್ಯಕ್ಷ ಬುಷ್‌ರನ್ನು ಕಂಡು, ಇರಾಕಿಗಳು ಅಮೆರಿಕದ ಸೈನಿಕರನ್ನು ಸಿಹಿ ತಿಂಡಿ, ಹೂವುಗಳಿಂದ ಸ್ವಾಗತಿಸುತ್ತಾರೆ ಎಂದರು. ದಶಕಗಳಿಂದ ದೇಶದ ಹೊರಗಿದ್ದ ಅವರಿಗೆ ಜೈಲುಗಳ ವಿಷಯ ಗೊತ್ತಿತ್ತು, ದಾಳಿಯ ಮರುದಿನ ಬೀದಿಯಲ್ಲಿ ಏನಾಗುತ್ತದೆ ಎಂಬುದು ಗೊತ್ತಿರಲಿಲ್ಲ. ಒಂದು ವಿಷಯದಲ್ಲಿ ಸತ್ಯ ಹೇಳಿದವನು ಇನ್ನೊಂದರಲ್ಲಿ ತಪ್ಪಬಹುದು. ಅವನ ಮೊದಲ ಸತ್ಯ ಎರಡನೆಯ ತಪ್ಪಿಗೆ ಜಾಮೀನಾಗುವುದಿಲ್ಲ. ಎರಡನೆಯ ತಪ್ಪು ಮೊದಲ ಸತ್ಯವನ್ನು ಅಳಿಸುವುದೂ ಇಲ್ಲ.

ಎರಡನೆಯ ಪ್ರಶ್ನೆ, ಕಣ್ಣಾರೆ ಕಂಡವರು ಯಾರು? 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆ ನಮ್ಮದು. ಇರಾಕ್‌ನ ವಿಷಯದಲ್ಲಿ ಕಾಣದವರ ಮಾತೇ ಪ್ರಮಾಣವಾಯಿತು. ವಿಶ್ವಸಂಸ್ಥೆಯ ತಪಾಸಣಾಧಿಕಾರಿಗಳು 2002ರ ನವೆಂಬರ್ ಕೊನೆಯಲ್ಲಿ ಇರಾಕ್ ಪ್ರವೇಶಿಸಿದರು. ಹ್ಯಾನ್ಸ್ ಬ್ಲಿಕ್ಸ್‌ರ ತಂಡ ಸುಮಾರು 700 ತಪಾಸಣೆಗಳನ್ನು ನಡೆಸಿತು. ಬ್ಲಿಕ್ಸ್ ಸದ್ದಾಮ್‌ನ ಸ್ನೇಹಿತರೇನಲ್ಲ. ಇರಾಕ್ ಏನನ್ನೋ ಬಚ್ಚಿಟ್ಟಿದೆ ಎಂಬ ಅನುಮಾನ ಸ್ವತಃ ಅವರಿಗೂ ಇತ್ತು. ಆದರೆ ಅನುಮಾನವನ್ನು ಅವರು ವರದಿಯಲ್ಲಿ ಪುರಾವೆಯೆಂದು ಬರೆಯಲಿಲ್ಲ. ಕೆಲಸ ಮುಗಿಸಲು ವರ್ಷಗಳು ಬೇಡ, ಕೆಲವು ತಿಂಗಳು ಬೇಕು ಎಂದು 2003ರ ಮಾರ್ಚ್ 7ರಂದು ಭದ್ರತಾ ಮಂಡಳಿಗೆ ತಿಳಿಸಿದರು. ಅದೇ ದಿನ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಹಮ್ಮದ್ ಅಲ್ ಬರಾದಿ ಎರಡು ಸಂಗತಿಗಳನ್ನು ಹೇಳಿದರು. ಕೊಳವೆಗಳು ಅಣು ಕಾರ್ಯಕ್ರಮಕ್ಕೆ ಸೇರಿದವು ಎನ್ನಲು ಆಧಾರವಿಲ್ಲ. ಇರಾಕ್ ನೈಜರ್ ದೇಶದಿಂದ ಯುರೇನಿಯಂ ಕೊಳ್ಳಲು ಹೊರಟಿತ್ತೆಂಬ ಕಾಗದಪತ್ರಗಳು ನಕಲಿ. ಆ ಪತ್ರಗಳಲ್ಲೊಂದರಲ್ಲಿ ಎಷ್ಟೋ ವರ್ಷಗಳ ಹಿಂದೆಯೇ ಹುದ್ದೆ ಬಿಟ್ಟಿದ್ದ ಸಚಿವರ ಸಹಿ ಇತ್ತು! ಯುರೇನಿಯಂನ ಈ ಆರೋಪವನ್ನು ಅದೇ ಜನವರಿಯಲ್ಲಿ ಬುಷ್ ತಮ್ಮ ರಾಷ್ಟ್ರವನ್ನು ಉದ್ದೇಶಿಸಿದ ಭಾಷಣದಲ್ಲಿ ಹೇಳಿಯಾಗಿತ್ತು.

ಇನ್ನೊಂದು ಕಡೆಯ ಸಾಕ್ಷಿ ಯಾರು? 2003ರ ಫೆಬ್ರವರಿ 5ರಂದು ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಭದ್ರತಾ ಮಂಡಳಿಯಲ್ಲಿ ಲಾರಿಗಳ ಮೇಲೆ ಓಡಾಡುವ ಜೈವಿಕ ಅಸ್ತ್ರ ಕಾರ್ಖಾನೆಗಳ ಚಿತ್ರ ತೋರಿಸಿದರು. ಆ ಆರೋಪದ ಮುಖ್ಯ ಮೂಲ ಜರ್ಮನಿಯಲ್ಲಿ ಆಶ್ರಯ ಕೇಳಿದ್ದ ಒಬ್ಬ ಇರಾಕಿ. ಗುಪ್ತಚರರು ಆತನಿಗೆ ಇಟ್ಟ ಹೆಸರು 'ಕರ್ವ್‌ಬಾಲ್'. ಸದ್ದಾಮ್‌ನನ್ನು ಕೆಳಗಿಳಿಸಲು ತಾನು ಸುಳ್ಳು ಹೇಳಿದೆನೆಂದು ಆತ 2011ರಲ್ಲಿ ಬ್ರಿಟನ್‌ನ ಪತ್ರಿಕೆಯೊಂದಕ್ಕೆ ತಾನಾಗಿ ಒಪ್ಪಿಕೊಂಡ. ನೆಲದ ಮೇಲೆ ನಿಂತು ನೋಡಿದ ನೂರಾರು ತಪಾಸಣಾಧಿಕಾರಿಗಳ ಮಾತು ಹಗುರವಾಯಿತು, ಒಬ್ಬನ ಕಟ್ಟುಕಥೆ ಭಾರವಾಯಿತು.

ಒಂದೇ ಮೂಲ ಹತ್ತು ಬಾಯಿಗಳಲ್ಲಿ ಬಂದರೆ ಹತ್ತು ಸಾಕ್ಷಿಗಳಾಗುವುದಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. 2002ರ ಸೆಪ್ಟೆಂಬರ್ 8ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಸರಕಾರಿ ಮೂಲಗಳನ್ನು ನಂಬಿ ಕೊಳವೆಗಳ ಸುದ್ದಿ ಪ್ರಕಟಿಸಿತು. ಅದೇ ದಿನ ಉಪಾಧ್ಯಕ್ಷ ಡಿಕ್ ಚೆನಿ ಟಿವಿಯಲ್ಲಿ ಕುಳಿತು ಆ ಪತ್ರಿಕೆಯನ್ನೇ ಉಲ್ಲೇಖಿಸಿದರು. ಸರಕಾರ ಪತ್ರಿಕೆಯ ಕಿವಿಯಲ್ಲಿ ಹೇಳಿತು, ಪತ್ರಿಕೆ ಜನರಿಗೆ ಹೇಳಿತು, ಬಳಿಕ ಸರಕಾರ 'ನೋಡಿ, ಪತ್ರಿಕೆಯೂ ಬರೆದಿದೆ' ಎಂದಿತು. ಆ ಪತ್ರಿಕೆ ತನ್ನ ವರದಿಗಾರಿಕೆಯ ಲೋಪವನ್ನು ಓದುಗರ ಮುಂದೆ ಒಪ್ಪಿಕೊಂಡದ್ದು 2004ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಬಗ್ದಾದ್ ಬಿದ್ದು ಒಂದು ವರ್ಷ ದಾಟಿತ್ತು.

ಮೂರನೆಯ ಪ್ರಶ್ನೆ, ಈ ಮಾತಿನಿಂದ ಹೇಳುವವನಿಗೆ ಲಾಭವೋ ನಷ್ಟವೋ? ತನ್ನ ಕುರ್ಚಿಗೆ ಅಪಾಯ ತರುವ ಮಾತನ್ನು ಯಾರಾದರೂ ಆಡಿದರೆ ನಾವು ನಿಂತು ಕೇಳಿಸಿಕೊಳ್ಳಬೇಕು. ಅಮೆರಿಕದ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ಎರಿಕ್ ಶಿನ್ಸೆಕಿ 2003ರ ಫೆಬ್ರವರಿಯಲ್ಲಿ, ಯುದ್ಧದ ಬಳಿಕ ಇರಾಕನ್ನು ನಿಭಾಯಿಸಲು ಹಲವು ಲಕ್ಷ ಸೈನಿಕರು ಬೇಕಾದೀತು ಎಂದು ಸೆನೆಟ್ ಸಮಿತಿಯ ಮುಂದೆ ಹೇಳಿದರು. ಎರಡೇ ದಿನಗಳಲ್ಲಿ ಉಪ ರಕ್ಷಣಾ ಕಾರ್ಯದರ್ಶಿ ಪಾಲ್ ವುಲ್ಫೊವಿಟ್ಜ್ ಆ ಅಂದಾಜನ್ನು ತಳ್ಳಿಹಾಕಿದರು. ಒಬ್ಬರು ಮೂರೂವರೆ ದಶಕ ಸಮವಸ್ತ್ರ ಧರಿಸಿದವರು, ಇನ್ನೊಬ್ಬರು ಎಂದೂ ಧರಿಸದವರು. ಬುಷ್‌ರ ಆರ್ಥಿಕ ಸಲಹೆಗಾರ ಲಾರೆನ್ಸ್ ಲಿಂಡ್ಸೆ ಯುದ್ಧಕ್ಕೆ 10ರಿಂದ 20 ಸಾವಿರ ಕೋಟಿ ಡಾಲರ್ ತಗಲಬಹುದು ಎಂದು 2002ರಲ್ಲಿ ಹೇಳಿ ಸರಕಾರಕ್ಕೆ ಇರಿಸುಮುರಿಸು ತಂದರು. ಅದೇ ಡಿಸೆಂಬರಿನಲ್ಲಿ ಹುದ್ದೆ ಬಿಟ್ಟರು. ನಿಜವಾದ ವೆಚ್ಚ ಅವರ ಅಂದಾಜಿನ ಅನೇಕ ಪಟ್ಟು ಮೀರಿತು. ಜೋಸೆಫ್ ಸ್ಟಿಗ್ಲಿಟ್ಜ್ ಮತ್ತು ಲಿಂಡಾ ಬಿಲ್ಮ್ಸ್ 2008ರಲ್ಲಿ ಪರೋಕ್ಷ ವೆಚ್ಚಗಳನ್ನೂ ಸೇರಿಸಿ 3 ಲಕ್ಷ ಕೋಟಿ ಡಾಲರ್ ಎಂದು ಲೆಕ್ಕ ಹಾಕಿದರು.

ಬ್ರಿಟನ್‌ನಲ್ಲಿ ಕಾನೂನು ತಜ್ಞರ ಸರದಿ. ಭದ್ರತಾ ಮಂಡಳಿಯ ಮತ್ತೊಂದು ನಿರ್ಣಯವಿಲ್ಲದೆ ಯುದ್ಧ ಹೂಡಿದರೆ ಅದು ಕಾನೂನುಬಾಹಿರ ಎಂಬುದು ವಿದೇಶಾಂಗ ಇಲಾಖೆಯ ಕಾನೂನು ಸಲಹೆಗಾರರ ಅಭಿಪ್ರಾಯವಾಗಿತ್ತು. ಅಟಾರ್ನಿ ಜನರಲ್ ಲಾರ್ಡ್ ಗೋಲ್ಡ್‌ಸ್ಮಿತ್ ಮಾರ್ಚ್ 7ರಂದು ಪ್ರಧಾನಿಗೆ ಕೊಟ್ಟ ಉದ್ದನೆಯ ಅಭಿಪ್ರಾಯದಲ್ಲಿ, ಹೊಸ ನಿರ್ಣಯ ಪಡೆಯುವುದೇ ಸುರಕ್ಷಿತ ಮಾರ್ಗ ಎಂದಿದ್ದರು. ಹತ್ತು ದಿನ ಕಳೆದು ಮಾರ್ಚ್ 17ರಂದು ಅವರು ಸಂಸತ್ತಿಗೆ ಕೊಟ್ಟ ಚಿಕ್ಕ ಉತ್ತರದಲ್ಲಿ ಆ ಅಳುಕು ಇರಲಿಲ್ಲ. ಇಲಾಖೆಯ ಉಪ ಕಾನೂನು ಸಲಹೆಗಾರ್ತಿ ಎಲಿಜಬೆತ್ ವಿಲ್ಮ್ಸ್‌ಹರ್ಸ್ಟ್ ಆಗ ಮಾಡಿದ್ದು ರಾಜೀನಾಮೆ. ಇಬ್ಬರೂ ಕಾನೂನು ಪಂಡಿತರೇ. ಒಬ್ಬರ ಅಭಿಪ್ರಾಯ ಯುದ್ಧದ ದಿನ ಹತ್ತಿರವಾದಂತೆ ಗಟ್ಟಿಯಾಯಿತು, ಇನ್ನೊಬ್ಬರ ಅಭಿಪ್ರಾಯಕ್ಕೆ ಕೆಲಸವೇ ಬೆಲೆಯಾಯಿತು. ಈ ವ್ಯತ್ಯಾಸ ನೋಡಲು ಅಂತಾರಾಷ್ಟ್ರೀಯ ಕಾನೂನು ಓದಿರಬೇಕಿಲ್ಲ.

ಈಗ ಟಿವಿಯಲ್ಲಿ ಕಂಡ ಜನರಲ್‌ಗಳ ಕಡೆ ನೋಡೋಣ. ಅಮೆರಿಕದ ವಾಹಿನಿಗಳಲ್ಲಿ ಸ್ವತಂತ್ರ ವಿಶ್ಲೇಷಕರೆಂದು ಕುಳಿತಿದ್ದ ಅನೇಕ ನಿವೃತ್ತ ಸೇನಾಧಿಕಾರಿಗಳಿಗೆ ರಕ್ಷಣಾ ಇಲಾಖೆ ವಿಶೇಷ ಮಾಹಿತಿ ಸಭೆಗಳನ್ನು ನಡೆಸಿ ಹೇಳಬೇಕಾದ ಅಂಶಗಳನ್ನು ಕೊಡುತ್ತಿತ್ತು. ಅವರಲ್ಲಿ ಹಲವರಿಗೆ ಯುದ್ಧ ಸಾಮಗ್ರಿ ಗುತ್ತಿಗೆದಾರ ಕಂಪೆನಿಗಳ ನಂಟಿತ್ತು. ವೀಕ್ಷಕರಿಗೆ ಇದೊಂದೂ ತಿಳಿದಿರಲಿಲ್ಲ. ಇದನ್ನು 2008ರ ಏಪ್ರಿಲ್‌ನಲ್ಲಿ ಹೊರಗೆಡವಿದ್ದು ಅದೇ ನ್ಯೂಯಾರ್ಕ್ ಟೈಮ್ಸ್. ವರದಿಗಾರ ಡೇವಿಡ್ ಬಾರ್‌ಸ್ಟೋಗೆ 2009ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ನಿಯಮ ಮುರಿದಿಲ್ಲವೆಂದು ರಕ್ಷಣಾ ಇಲಾಖೆಯ ಆಂತರಿಕ ತನಿಖೆ ಬಳಿಕ ಹೇಳಿತು. ನಿಯಮ ಮುರಿಯದೆಯೂ ಜನರ ನಂಬಿಕೆ ಮುರಿಯಬಹುದು ಎಂಬುದಕ್ಕೆ ಬೇರೆ ಉದಾಹರಣೆ ಬೇಕೇ? ನಮ್ಮ ವಾಹಿನಿಗಳಲ್ಲಿಯೂ ತಜ್ಞರ ಹೆಸರಿನ ಕೆಳಗೆ 'ಮಾಜಿ' ಎಂದು ಅವರ ಹಿಂದಿನ ಹುದ್ದೆಯನ್ನು ಬರೆಯುತ್ತಾರೆ. ಈಗ ಏನು ಮಾಡುತ್ತಿದ್ದಾರೆ, ಸಂಬಳ ಎಲ್ಲಿಂದ ಬರುತ್ತದೆ ಎಂದು ಬರೆಯುವ ರೂಢಿ ಮಾತ್ರ ಎಲ್ಲೂ ಇಲ್ಲ.

ಇಷ್ಟು ಓದಿದ ಮೇಲೆ ನಮ್ಮ ಕೆಲವು ಓದುಗರಿಗೆ ಸಮಾಧಾನವಾಗಿರಬಹುದು. 'ಹಾಗಾದರೆ ಯುದ್ಧ ಬೇಕೆಂದವರೆಲ್ಲ ಸುಳ್ಳರು, ಬೇಡವೆಂದವರೆಲ್ಲ ಸತ್ಯವಂತರು, ನಾವು ಮೊದಲೇ ಹೇಳಿದ್ದೆವು' ಎಂದು. ಕ್ಷಮಿಸಿ, ಅಷ್ಟು ಸುಲಭವಿಲ್ಲ. ಇರಾಕ್‌ನಲ್ಲಿ ಒಂದಿಷ್ಟು ರಾಸಾಯನಿಕ ಅಸ್ತ್ರ ಉಳಿದಿದೆಯೆಂದು ಯುದ್ಧವನ್ನು ವಿರೋಧಿಸಿದ ದೇಶಗಳ ಗುಪ್ತಚರರೂ ನಂಬಿದ್ದರು. ಹಾಗೆ ನಂಬಲು ಕಾರಣವನ್ನು ಸದ್ದಾಮ್‌ನೇ ಒದಗಿಸಿದ್ದ. 1988ರ ಮಾರ್ಚ್ 16ರಂದು ಹಲಬ್ಜ ಪಟ್ಟಣದ ಮೇಲೆ ವಿಷಾನಿಲ ಸುರಿದು ಸುಮಾರು 5 ಸಾವಿರ ಕುರ್ದ್ ಜನರನ್ನು ಕೊಂದವನು ಅವನೇ. ಆಗ ಅವನು ಅಮೆರಿಕಕ್ಕೆ ಬೇಕಾದವನು. ಆದ್ದರಿಂದ ಇರಾನ್‌ನ ಪಾಲೂ ಇದೆ ಎಂದು ಹೇಳುವ ತಜ್ಞರು ವಾಷಿಂಗ್ಟನ್‌ನಲ್ಲಿ ಸಿಕ್ಕರು. 1991ರಲ್ಲಿ ಅವನು ಅಮೆರಿಕದ ಶತ್ರುವಾದ. ಆಗ ಅವನನ್ನು ವೀರನೆಂದು ಕೊಂಡಾಡಿದವರು ನಮ್ಮ ನಡುವೆಯೂ ಇದ್ದರು. ಹಲಬ್ಜದ ತಾಯಂದಿರು ಮುಸ್ಲಿಮರಾಗಿದ್ದರು ಎಂಬುದು ಅವರಿಗೆ ನೆನಪಾಗಲಿಲ್ಲ. ಅನುಕೂಲಕ್ಕೆ ತಕ್ಕ ತಜ್ಞನನ್ನು ಹುಡುಕುವ ಚಟ ವಾಷಿಂಗ್ಟನ್‌ಗೆ ಮಾತ್ರ ಸೀಮಿತವಲ್ಲ.

ಅಂಕಿ ಅಂಶಗಳ ವಿಷಯದಲ್ಲಿ ನಾವು ಇನ್ನೂ ಹೆಚ್ಚು ತಪ್ಪಿದ್ದೇವೆ. ದಿಗ್ಬಂಧನದಿಂದ ಇರಾಕ್‌ನಲ್ಲಿ 5 ಲಕ್ಷ ಮಕ್ಕಳು ಸತ್ತರು ಎಂಬ ಮಾತನ್ನು ನಮ್ಮ ಕಡೆಯವರು ಎಷ್ಟು ಸಲ ಬರೆದಿದ್ದಾರೆ, ಎಷ್ಟು ವೇದಿಕೆಗಳಿಂದ ಹೇಳಿದ್ದಾರೆ! 1999ರ ಯುನಿಸೆಫ್ ಸಮೀಕ್ಷೆ ಅದಕ್ಕೆ ಆಧಾರವಾಗಿತ್ತು. ಇರಾಕ್‌ನ ಬಹುಭಾಗದಲ್ಲಿ ಆ ಸಮೀಕ್ಷೆ ನಡೆದದ್ದು ಸದ್ದಾಮ್‌ನ ಸರಕಾರದ ಜೊತೆಗೂಡಿ. 2003ರ ಬಳಿಕ ನಡೆದ ಸಮೀಕ್ಷೆಗಳಲ್ಲಿ ಮಕ್ಕಳ ಸಾವಿನಲ್ಲಿ ಅಂಥ ಭಾರೀ ಏರಿಕೆ ಕಾಣಿಸಲಿಲ್ಲ. ಸದ್ದಾಮ್ ಸರಕಾರ ಆ ಅಂಕಿಗಳನ್ನು ತಿರುಚಿತ್ತೆಂದು 2017ರಲ್ಲಿ ಸಂಶೋಧಕರು ವೈದ್ಯಕೀಯ ನಿಯತಕಾಲಿಕದಲ್ಲಿ ಬರೆದರು. ನಾವು ಅಂದು ಅದನ್ನು ಪ್ರಶ್ನಿಸಲಿಲ್ಲ, ಏಕೆಂದರೆ ಅದು ನಮ್ಮ ಕೋಪಕ್ಕೆ ಒಪ್ಪುವ ಸಂಖ್ಯೆಯಾಗಿತ್ತು.

ಇದರಿಂದ ದಿಗ್ಬಂಧನ ಮಾಡಿದವರು ನಿರ್ದೋಷಿಗಳಾಗುವುದಿಲ್ಲ. 1996ರಲ್ಲಿ ಟಿವಿ ಸಂದರ್ಶನವೊಂದರಲ್ಲಿ 5 ಲಕ್ಷ ಮಕ್ಕಳ ಸಾವಿನ ಬಗ್ಗೆ ಕೇಳಿದಾಗ ಮೆಡಲಿನ್ ಆಲ್ಬ್ರೈಟ್ ಆ ಸಂಖ್ಯೆಯನ್ನು ಅಲ್ಲಗಳೆಯಲಿಲ್ಲ. ಆ ಬೆಲೆ ತೆರಬಹುದಾದದ್ದೇ ಎಂಬ ಅರ್ಥದ ಉತ್ತರ ಕೊಟ್ಟರು. ಸಂಖ್ಯೆ ತಪ್ಪಿರಬಹುದು, ಆ ಉತ್ತರ ತಪ್ಪಲ್ಲದೆ ಇನ್ನೇನು? ಇರಾಕ್‌ನಲ್ಲಿ ವಿಶ್ವಸಂಸ್ಥೆಯ ಮಾನವೀಯ ನೆರವಿನ ಹೊಣೆ ಹೊತ್ತಿದ್ದ ಡೆನಿಸ್ ಹ್ಯಾಲಿಡೇ 1998ರಲ್ಲಿಯೂ ಅವರ ಉತ್ತರಾಧಿಕಾರಿ ಹ್ಯಾನ್ಸ್ ವಾನ್ ಸ್ಪೊನೆಕ್ 2000ದಲ್ಲಿಯೂ ದಿಗ್ಬಂಧನವನ್ನು ಪ್ರತಿಭಟಿಸಿ ಹುದ್ದೆ ತೊರೆದರು. ಜನರ ಸಂಕಟ ಅವರು ಕಣ್ಣಾರೆ ಕಂಡದ್ದು. ಅದನ್ನು ಹೇಳಲು ನಮಗೆ ಉಬ್ಬಿಸಿದ ಸಂಖ್ಯೆಯ ಅಗತ್ಯವೇ ಇರಲಿಲ್ಲ. ನಿಜವಾದ ಸಂಕಟದ ಪಕ್ಕದಲ್ಲಿ ಸುಳ್ಳು ಸಂಖ್ಯೆಯೊಂದನ್ನು ನಿಲ್ಲಿಸಿದರೆ, ಸಂಖ್ಯೆ ಬಿದ್ದ ದಿನ ಸಂಕಟವೂ ಸುಳ್ಳೆಂದು ಹೇಳಲು ಎದುರಾಳಿಗೆ ದಾರಿಯಾಗುತ್ತದೆ.

ದಾಳಿಯ ಬಳಿಕದ ಸಾವುಗಳ ಲೆಕ್ಕದಲ್ಲಿಯೂ ಇದೇ ಆಯಿತು. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ 2006ರಲ್ಲಿ ಬಂದ ಅಧ್ಯಯನ ಸುಮಾರು 6.5 ಲಕ್ಷ ಹೆಚ್ಚುವರಿ ಸಾವು ಎಂದಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಇರಾಕ್ ಸರಕಾರದ ಸಮೀಕ್ಷೆ 2008ರಲ್ಲಿ, ಅದೇ ಅವಧಿಗೆ 1.5 ಲಕ್ಷ ಹಿಂಸಾತ್ಮಕ ಸಾವು ಎಂದಿತು. ಪತ್ರಿಕಾ ವರದಿಗಳನ್ನು ಒಂದೊಂದಾಗಿ ಎಣಿಸುವ 'ಇರಾಕ್ ಬಾಡಿ ಕೌಂಟ್' ತಂಡದ ಲೆಕ್ಕ ಇನ್ನೂ ಕಡಿಮೆ. 2013ರ ಇನ್ನೊಂದು ಅಧ್ಯಯನ 2011ರವರೆಗೆ ಸುಮಾರು 5 ಲಕ್ಷ ಎಂದಿತು. ಯುದ್ಧದ ಬೆಂಬಲಿಗರು ಅತಿ ಚಿಕ್ಕ ಸಂಖ್ಯೆಯನ್ನೂ ವಿರೋಧಿಗಳು ಅತಿ ದೊಡ್ಡದನ್ನೂ ಹಿಡಿದುಕೊಂಡರು. ಈ ಲೆಕ್ಕಗಳು ಒಂದೇ ವಸ್ತುವನ್ನು ಎಣಿಸುವುದಿಲ್ಲ ಎಂಬುದನ್ನು ನೋಡಿದವರು ಕಡಿಮೆ. ಒಂದು ಲೆಕ್ಕ ಪತ್ರಿಕೆಗೆ ಬಂದ ಸಾವುಗಳದ್ದು. ಇನ್ನೊಂದು ಮನೆಮನೆ ಸಮೀಕ್ಷೆಯಿಂದ ತೆಗೆದ ಹಿಂಸೆಯ ಸಾವುಗಳ ಅಂದಾಜು. ಮತ್ತೊಂದರಲ್ಲಿ ಔಷಧ, ಆಸ್ಪತ್ರೆ ಇಲ್ಲದೆ ಸತ್ತವರೂ ಸೇರುತ್ತಾರೆ. ಪತ್ರಿಕೆಗೆ ಬರದ ಸಾವುಗಳು ಎಣಿಕೆಗೆ ಸಿಗುವುದಿಲ್ಲ, ಆದ್ದರಿಂದ ಮೊದಲನೆಯದು ಕನಿಷ್ಠ ಲೆಕ್ಕ. 2006ರ ಲ್ಯಾನ್ಸೆಟ್ ಅಧ್ಯಯನವೇ ತನ್ನ ಅಂದಾಜು ಸುಮಾರು 3.9 ಲಕ್ಷದಿಂದ 9.4 ಲಕ್ಷದ ನಡುವೆ ಎಲ್ಲಾದರೂ ಇರಬಹುದೆಂದು ಹೇಳಿತ್ತು. ಅದರ ಮುಖ್ಯ ಸಂಶೋಧಕ ತನ್ನ ವಿಧಾನದ ಪೂರ್ಣ ವಿವರ ಕೊಡಲಿಲ್ಲವೆಂದು 2009ರಲ್ಲಿ ಅಮೆರಿಕದ ಸಮೀಕ್ಷಾ ತಜ್ಞರ ಸಂಘ ಬಹಿರಂಗವಾಗಿ ಖಂಡಿಸಿತು. ಇದನ್ನೆಲ್ಲ ಬಿಟ್ಟು '6.5 ಲಕ್ಷ' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕುವುದು ಸುಲಭ. ಕನಿಷ್ಠ ಲೆಕ್ಕವೇ ಸಾವಿರ ಸಾವಿರ ಮನೆಗಳ ನಾಶವಾಗಿರುವಾಗ, ಗರಿಷ್ಠ ಲೆಕ್ಕಕ್ಕೆ ಜೋತು ಬೀಳುವ ಅವಸರವಾದರೂ ಏನು?

ಇಲ್ಲಿಂದ ನಮಗೆ ನಾಲ್ಕನೆಯ ಪ್ರಶ್ನೆ ಸಿಗುತ್ತದೆ. ಈ ತಜ್ಞರು ಎಷ್ಟು ಖಚಿತವಾಗಿ ಮಾತನಾಡುತ್ತಿದ್ದಾರೆ, ಅಷ್ಟು ಖಚಿತವಾಗಿರಲು ಅವರ ಬಳಿ ಏನಿದೆ? ಏಳು ವರ್ಷ ತನಿಖೆ ನಡೆಸಿ 2016ರ ಜುಲೈನಲ್ಲಿ ಬ್ರಿಟನ್‌ನ ಚಿಲ್ಕಾಟ್ ಆಯೋಗ ಹೇಳಿದ್ದು ಇದನ್ನೇ. ಶಾಂತಿಯುತ ದಾರಿಗಳು ಮುಗಿಯುವ ಮುನ್ನವೇ ಯುದ್ಧಕ್ಕೆ ಇಳಿಯಲಾಯಿತು. ಪುರಾವೆ ಕೊಡಲಾಗದಷ್ಟು ಖಚಿತತೆಯಿಂದ ಅಸ್ತ್ರಗಳ ಅಪಾಯವನ್ನು ಜನರ ಮುಂದಿಡಲಾಯಿತು. ಅಮೆರಿಕದ್ದೇ ಶೋಧಕ ಚಾರ್ಲ್ಸ್ ಡ್ಯೂಲ್ಫರ್‌ರ ವರದಿ 2004ರಲ್ಲಿಯೇ, ಇರಾಕ್‌ನ ಅಣು ಕಾರ್ಯಕ್ರಮ 1991ರಲ್ಲಿ ನಿಂತಿತ್ತು, ಅಸ್ತ್ರಗಳ ದಾಸ್ತಾನು ಇರಲಿಲ್ಲ ಎಂದಿತ್ತು. ಗುಡ್ಡ ಅಗೆದು ಇಲಿ ಹಿಡಿದರು ಎನ್ನುತ್ತೇವೆ. ಇವರಿಗೆ ಇಲಿಯೂ ಸಿಗಲಿಲ್ಲ. ಆದರೆ ಅಗೆದ ಗುಡ್ಡದ ಅಡಿಯಲ್ಲಿ ಒಂದು ದೇಶವಿತ್ತು.

2002ರ ಸೆಪ್ಟೆಂಬರ್ 26ರಂದು ಅಮೆರಿಕದ 33 ಅಂತಾರಾಷ್ಟ್ರೀಯ ಸಂಬಂಧಗಳ ವಿದ್ವಾಂಸರು ಹಣ ಕೊಟ್ಟು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಜಾಹೀರಾತು ಹಾಕಿದರು. ಕೆನೆತ್ ವಾಲ್ಟ್ಜ್, ಜಾನ್ ಮಿಯರ್‌ಶೈಮರ್, ಸ್ಟೀಫನ್ ವಾಲ್ಟ್ ಅವರಲ್ಲಿದ್ದರು. ಇವರು ಶಾಂತಿ ಮೆರವಣಿಗೆಯ ಜನರಲ್ಲ, ದೇಶದ ಹಿತಕ್ಕಾದರೆ ಯುದ್ಧ ಸರಿ ಎನ್ನುವ ಪಂಥದವರು. ಇರಾಕ್‌ನಲ್ಲಿ ರಾಸಾಯನಿಕ ಅಸ್ತ್ರ ಇರಬಹುದೆಂದೇ ಅವರೂ ಭಾವಿಸಿದ್ದರು. ಆದರೂ ಗೆದ್ದ ಮೇಲೆ ಹೊರಬರುವ ದಾರಿಯಿಲ್ಲ, ಇರಾಕ್ ಒಡೆದ ಸಮಾಜ, ವರ್ಷಗಟ್ಟಲೆ ಅಲ್ಲಿ ಕೂರಬೇಕಾದೀತು ಎಂದು ಎಚ್ಚರಿಸಿದರು. ತಮಗೆ ತಿಳಿಯದ ಅಸ್ತ್ರಗಳ ಮೇಲೆ ಅವರು ವಾದ ಕಟ್ಟಲಿಲ್ಲ, ತಿಳಿದಿದ್ದ ರಾಜಕಾರಣದ ಮೇಲೆ ಕಟ್ಟಿದರು. ಹಾಗಾಗಿ ಅಸ್ತ್ರಗಳ ವಿಷಯದಲ್ಲಿ ತಪ್ಪಿಯೂ ಯುದ್ಧದ ವಿಷಯದಲ್ಲಿ ಅವರು ಸರಿಯಾದರು.

ಹಾಗಾದರೆ ಇರಾಕ್‌ನಲ್ಲಿ ತಪ್ಪಿದವರನ್ನು ಶಾಶ್ವತವಾಗಿ ಪಟ್ಟಿಯಿಂದ ಹೊಡೆದುಹಾಕಬಹುದೇ? ಅದೂ ಆಗದು. 2022ರ ಆರಂಭದಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಲಿದೆ ಎಂದು ಅಮೆರಿಕದ ಗುಪ್ತಚರರು ಹೇಳಿದಾಗ, ಇರಾಕ್‌ನ ನೆನಪಿನಿಂದಲೇ ಎಷ್ಟೋ ಜನ ನಕ್ಕರು. ಫೆಬ್ರವರಿ 24ರಂದು ದಾಳಿ ನಡೆಯಿತು. ಅದೇ ವೇಳೆ, ಕೀವ್ ಕೆಲವೇ ದಿನಗಳಲ್ಲಿ ಬೀಳುತ್ತದೆ ಎಂದಿದ್ದ ಸೇನಾ ತಜ್ಞರ ಅಂದಾಜು ಸುಳ್ಳಾಯಿತು. ಟ್ಯಾಂಕುಗಳನ್ನು ಎಣಿಸುವುದು ಒಂದು ವಿದ್ಯೆ, ಜನ ಎದುರಿಸಿ ನಿಲ್ಲುತ್ತಾರೋ ಇಲ್ಲವೋ ಎಂದು ಹೇಳುವುದು ಇನ್ನೊಂದು. ಗಾಝಾದ ಸಾವುಗಳ ಲೆಕ್ಕವನ್ನೂ ಹೀಗೆಯೇ ನೋಡಬೇಕು. ಅಲ್ಲಿಯ ಆರೋಗ್ಯ ಸಚಿವಾಲಯವನ್ನು ನಂಬಲಾಗದೆಂದು 2023ರ ಅಕ್ಟೋಬರಿನಲ್ಲಿ ಅಮೆರಿಕದ ಅಧ್ಯಕ್ಷರೇ ಹೇಳಿದರು. 2014ರ ಯುದ್ಧದ ಲೆಕ್ಕ ತೆಗೆದು ನೋಡಿದರೆ ಸಚಿವಾಲಯದ್ದು 2,310, ವಿಶ್ವಸಂಸ್ಥೆಯದ್ದು 2,251, ಇಸ್ರೇಲ್‌ನದ್ದು 2,125. ಸತ್ತವರಲ್ಲಿ ನಾಗರಿಕರು ಎಷ್ಟು ಎಂಬಲ್ಲಿ ಭಾರೀ ಭಿನ್ನಾಭಿಪ್ರಾಯವಿತ್ತು, ಒಟ್ಟು ಸಂಖ್ಯೆಯಲ್ಲಿ ಇರಲಿಲ್ಲ. ಹಿಂದಿನ ದಾಖಲೆ ನೋಡುವುದೆಂದರೆ ಇದು. ಇದರಲ್ಲಿ ಪಕ್ಷ ವಹಿಸುವ ಪ್ರಶ್ನೆಯಿಲ್ಲ.

ಭಾರತಕ್ಕೂ ಇರಾಕ್ ಒಂದು ಪರೀಕ್ಷೆಯಾಗಿತ್ತು. 2003ರ ಏಪ್ರಿಲ್‌ನಲ್ಲಿ ನಮ್ಮ ಲೋಕಸಭೆ ಯುದ್ಧವನ್ನು ನಿಂದಿಸುವ ನಿರ್ಣಯ ಅಂಗೀಕರಿಸಿತು. ಬಳಿಕ ಅಮೆರಿಕ ನಮ್ಮ ಸೈನಿಕರನ್ನು ಕೇಳಿತು. ಸುಮಾರು 17 ಸಾವಿರ ಸೈನಿಕರ ಮಾತು ನಡೆದಿತ್ತು. ಕಳುಹಿಸಿದರೆ ಭಾರತ ದೊಡ್ಡ ಶಕ್ತಿಗಳ ಸಾಲಿಗೆ ಸೇರುತ್ತದೆ ಎಂದು ವಾದಿಸಿದ ಆಯಕಟ್ಟಿನ ತಜ್ಞರು ದಿಲ್ಲಿಯಲ್ಲಿ ಕಡಿಮೆಯಿರಲಿಲ್ಲ. ಜುಲೈ 14ರಂದು ವಾಜಪೇಯಿ ಸರಕಾರ ಕಳುಹಿಸುವುದಿಲ್ಲ ಎಂದಿತು. ಬಿಜೆಪಿ ಸರಕಾರದ ನಿರ್ಧಾರವೊಂದನ್ನು ನಾವು ಹೊಗಳಲು ಹಿಂಜರಿಯುವುದಿಲ್ಲ. ಅಂದು ಆ ತಜ್ಞರ ಮಾತು ನಡೆದಿದ್ದರೆ ಶವಪೆಟ್ಟಿಗೆಗಳು ಬರುತ್ತಿದ್ದುದು ದಿಲ್ಲಿಯ ವಿಚಾರ ಸಂಕಿರಣಗಳ ಸಭಾಂಗಣಕ್ಕಲ್ಲ, ಕೊಡಗು, ಬೆಳಗಾವಿ, ಗಢವಾಲ್, ಪಂಜಾಬಿನ ಹಳ್ಳಿಗಳಿಗೆ.

ತಜ್ಞರನ್ನು ತೂಗುವುದು ಯಾಕೆ ಬೇಕು ಎಂಬುದಕ್ಕೆ ನಮ್ಮ ಕಾರಣವೂ ಇದೇ. ಯುದ್ಧದ ಬಗ್ಗೆ ತಪ್ಪು ಹೇಳಿದ ತಜ್ಞನಿಗೆ ಆಗುವ ನಷ್ಟ ಬಹಳ ಸಣ್ಣದು. ಇರಾಕ್ ವಿಷಯದಲ್ಲಿ ತಪ್ಪಿದವರಲ್ಲಿ ಹೆಚ್ಚಿನವರು ಮುಂದಿನ ಯುದ್ಧದಲ್ಲಿಯೂ ಅದೇ ಕುರ್ಚಿಯಲ್ಲಿ ಕುಳಿತರು. ವುಲ್ಫೊವಿಟ್ಜ್ 2005ರಲ್ಲಿ ವಿಶ್ವಬ್ಯಾಂಕಿನ ಅಧ್ಯಕ್ಷರಾದರು. ಅಸ್ತ್ರ ಶೋಧ ತಂಡದ ಮೊದಲ ಮುಖ್ಯಸ್ಥ ಡೇವಿಡ್ ಕೇ ಅವರಂತೆ, ನಾವೆಲ್ಲ ತಪ್ಪಿದೆವು ಎಂದು ಸೆನೆಟ್ ಸಮಿತಿಯ ಮುಂದೆ ನೇರವಾಗಿ ಹೇಳಿದವರು ವಿರಳ. ತಪ್ಪಿನ ಬೆಲೆಯನ್ನು ತೆತ್ತದ್ದು ಫಲ್ಲುಜದ, ಮೋಸುಲ್‌ನ ಮನೆಗಳು. ಹೇಳಿದವನಿಂದ ವಸೂಲಾಗದ ಬೆಲೆಯನ್ನು ಕೇಳುವವನು ಮೊದಲೇ ಯೋಚಿಸಬೇಕಾಗುತ್ತದೆ.

ಯಾವುದರಲ್ಲಿ ತಜ್ಞರು, ಕಣ್ಣಾರೆ ಕಂಡಿದ್ದಾರೆಯೇ, ಹೇಳಿದ್ದರಿಂದ ಲಾಭವೋ ನಷ್ಟವೋ, ಖಚಿತತೆಗೆ ಆಧಾರವೇನು, ಹಿಂದೆ ತಪ್ಪಿದ್ದರೆ ಒಪ್ಪಿಕೊಂಡಿದ್ದಾರೆಯೇ? ಈ ಪ್ರಶ್ನೆಗಳಿಗೆ ದೊಡ್ಡ ಓದು ಬೇಕಿಲ್ಲ. ಮಗಳಿಗೆ ಸಂಬಂಧ ಬಂದಾಗ, ಜಾಗ ಕೊಳ್ಳುವಾಗ, ವೈದ್ಯರು ಶಸ್ತ್ರಚಿಕಿತ್ಸೆ ಎಂದಾಗ ನಾವು ಇದನ್ನೇ ಅಲ್ಲವೇ ವಿಚಾರಿಸುವುದು? ಒಂದು ದೇಶದ ಮೇಲೆ ಬಾಂಬು ಬೀಳುವ ವಿಷಯದಲ್ಲಿ ಅಷ್ಟಾದರೂ ವಿಚಾರಿಸೋಣ. ನಮಗೆ ಇಷ್ಟವಾಗುವ ತಜ್ಞರನ್ನು ಮೊದಲು ವಿಚಾರಿಸೋಣ, ಏಕೆಂದರೆ ನಾವು ಎಚ್ಚರ ತಪ್ಪುವುದು ಅಲ್ಲಿಯೇ. ನಮ್ಮ ಈ ಪುಟಗಳಲ್ಲಿ ನಾವು ಉಲ್ಲೇಖಿಸುವ ತಜ್ಞರ ಬಗ್ಗೆಯೂ ಓದುಗರು ಇದೇ ಪ್ರಶ್ನೆಗಳನ್ನು ಕೇಳಲಿ. ಉತ್ತರಿಸಲು ನಾವು ಬದ್ಧರಾಗಿದ್ದೇವೆ.